ಸಿಯಾಟಲ್‌ಗೆ ಹೊಸದಾಗಿ ಬಂದ ತಂಗಿಗೆ, ನಮ್ಮ ತಾಂತೆಯ ಬಗ್ಗೆ

ತಂಗೀ,

ನಿನ್ನ ಪತ್ರ ಬಂತು. ಅಕ್ಕಾ ಎಂದು ಕರೆದಿದ್ದೀಯ, ಅದಕ್ಕೇ ನೀನು ಎಂದೇ ಬರೆಯುತ್ತೇನೆ. ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಬಂದೆ, ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿ, ಕೆಲಸದ ವೀಸಾದವರ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ನೀನು ಕೆಲಸ ಮಾಡುವ ಹಾಗಿಲ್ಲ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ದಿನವಿಡೀ ಸೋನೆ ಮಳೆ, ಮಾತಾಡಲು ಒಬ್ಬರೂ ಇಲ್ಲ ಎಂದು ಬರೆದಿದ್ದೀಯ. ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಈ ಊರು ಯಾವತ್ತಾದರೂ ನಮ್ಮದು ಅನ್ನಿಸುತ್ತದಾ? ಹಾಗೆ ಅನ್ನಿಸಿದರೆ ನಮ್ಮ ಊರನ್ನು ಬಿಟ್ಟುಕೊಟ್ಟ ಹಾಗಲ್ಲವಾ?

ಮೊದಲು ಸಣ್ಣ ವಿಷಯಗಳನ್ನು ಮುಗಿಸಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ನಾಲ್ಕು ಇಪ್ಪತ್ತರ ಹೊತ್ತಿಗೆ. ಇನ್ನೂ ಸ್ವಲ್ಪ ಕತ್ತಲಾಗುತ್ತದೆ, ಆಮೇಲೆ ಬೆಳಕು ವಾಪಸ್ ಬರುತ್ತದೆ. ಡಾಕ್ಟರ್ ಹತ್ತಿರ ವಿಟಮಿನ್ ಡಿ ಪರೀಕ್ಷೆ ಮಾಡಿಸು. ಮಳೆ ನಿಲ್ಲಲಿ ಎಂದು ಕಾಯಬೇಡ, ಟೋಪಿ ಇರುವ ಒಳ್ಳೆ ಜಾಕೆಟ್ ಹಾಕಿಕೊಂಡು ಹೊರಡು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4ನವರಿಗೂ ಕೆಲಸದ ಪರವಾನಗಿ ಕೇಳಲು 2015ರಿಂದ ಅವಕಾಶವಿದೆ. ಆದರೆ ನಿಯಮಗಳು ಬದಲಾಗುತ್ತಿರುತ್ತವೆ, ಅವರ ಆಫೀಸಿನ ವಕೀಲರನ್ನೇ ಕೇಳಿ ನೋಡಿ. ಇವನ್ನೆಲ್ಲ ನಿನಗೆ ಯಾರಾದರೂ ಹೇಳುತ್ತಾರೆ.

ನೀನು ಕೇಳಿದ ಆ ಎರಡು ಪ್ರಶ್ನೆಗೆ ಮಾತ್ರ ನಾನು ನಾರ್ವೆಯಿಂದ ಬಂದ ನಮ್ಮ ತಾಂತೆಯ ಕಥೆ ಹೇಳಿಯೇ ಉತ್ತರ ಕೊಡಬೇಕು. ನನಗೆ ಈ ಊರಲ್ಲಿ ಬದುಕಲು ಕಲಿಸಿದವರು ಅವರು.

ನಾವು 1998ರಲ್ಲಿ ಬಂದಾಗ ಬ್ಯಾಲರ್ಡ್‌ನಲ್ಲಿ ಒಂದು ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಸಿಕ್ಕಿತು. ಮೇಲಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಅರವತ್ತು ದಾಟಿತ್ತು. ಎತ್ತರದ ಆಳು, ದುಡಿದು ದಪ್ಪಗಾದ ಬೆರಳುಗಳು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೀದಿಯ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ತಾಂತೆ ಎನ್ನುತ್ತಿದ್ದರು. ನಾರ್ವೆಯವರು ಅತ್ತೆಗೂ ಚಿಕ್ಕಮ್ಮನಿಗೂ ಹಾಗೆಯೇ ಕರೆಯುತ್ತಾರೆ. ನಾನೂ ಕರೆದೆ. ನಮ್ಮ ಮಗಳಿಗೆ ಇಲ್ಲಿ ಅಜ್ಜಿಯ ಜಾಗದಲ್ಲಿ ಇದ್ದವರು ಅವರೇ.

ನೀನು ಇನ್ನೂ ಬ್ಯಾಲರ್ಡ್ ನೋಡಿಲ್ಲ ಅನ್ನಿಸುತ್ತದೆ. 1907ರವರೆಗೆ ಅದು ಸಿಯಾಟಲ್‌ಗೆ ಸೇರದ ಬೇರೆಯೇ ಊರು. ಮರದ ಗಿರಣಿಗಳು, ಮೀನಿನ ದೋಣಿಗಳು, ಅಲ್ಲಿ ದುಡಿಯಲು ಬಂದ ನಾರ್ವೆ ಮತ್ತು ಸ್ವೀಡನ್ ಜನ. ಸಿಯಾಟಲ್‌ನಲ್ಲಿ ನಾರ್ವೇಜಿಯನ್ ಭಾಷೆಯ 'ವಾಷಿಂಗ್ಟನ್ ಪೋಸ್ಟೆನ್' ಪತ್ರಿಕೆ 1889ರಲ್ಲೇ ಶುರುವಾಗಿತ್ತು ಎಂದರೆ ಎಷ್ಟು ಜನ ಇದ್ದಿರಬೇಕು ನೋಡು. ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೂ ಹ್ಯಾಲಿಬಟ್ ಎಂಬ ದೊಡ್ಡ ಮೀನು ಹಿಡಿಯುವ ಹಳೆ ದೋಣಿಗಳು ಹತ್ತಿರದ ಫಿಷರ್‌ಮೆನ್ಸ್ ಟರ್ಮಿನಲ್ ಬಂದರಿನಲ್ಲಿ ಇನ್ನೂ ನಿಲ್ಲುತ್ತವೆ. ಕೆಲವಕ್ಕೆ ನೂರು ವರ್ಷ ದಾಟಿದೆ.

ತಾಂತೆ ಹುಟ್ಟಿದ್ದು 1934ರಲ್ಲಿ, ನಾರ್ವೆಯ ನೈರುತ್ಯ ಕರಾವಳಿಯ ಕಾರ್ಮೊಯ್ ಎಂಬ ದ್ವೀಪದಲ್ಲಿ. ಗಾಳಿ, ಕಲ್ಲು, ಕುರಿ, ಬಿಳಿ ಬಣ್ಣದ ಮರದ ಮನೆಗಳು. ಅಪ್ಪನಿಗೆ ಚೂರು ಹೊಲ ಮತ್ತು ಅರ್ಧ ದೋಣಿ. ಚಳಿಗಾಲದಲ್ಲಿ ಹೆರಿಂಗ್ ಮೀನು ಬಂದರೆ ಮನೆಯಲ್ಲಿ ಸಾಲ ತೀರುತ್ತಿತ್ತು, ಬರದಿದ್ದರೆ ಇಲ್ಲ. ಹೆರಿಂಗ್ ಎಂದರೆ ನಮ್ಮ ತಾರ್ಲೆಯ ಕುಲದ್ದೇ ಮೀನು. ನಾನು ಕಾರವಾರದವಳು, ಈ ಲೆಕ್ಕ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿದಾಗ ಅವರಿಗೆ ಐದಾರು ವರ್ಷ. ಮರುವರ್ಷ ಮನೆಮನೆಯ ರೇಡಿಯೊಗಳನ್ನು ಕಿತ್ತುಕೊಂಡರು. ಮೇ 17 ನಾರ್ವೆಯ ಸಂವಿಧಾನದ ದಿನ. 1814ರಲ್ಲಿ ಐಡ್ಸ್‌ವೋಲ್‌ನಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ದಿನ. ಅವತ್ತು ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೋಗುವುದು ಅಲ್ಲಿನ ಪದ್ಧತಿ. ಆ ಐದು ವರ್ಷ ಅದಕ್ಕೂ ನಿಷೇಧ. 1945ರ ಮೇ 8ಕ್ಕೆ ಬಿಡುಗಡೆ ಆಯಿತು, ಒಂಬತ್ತೇ ದಿನಕ್ಕೆ ಮೇ 17 ಬಂತು. ಹನ್ನೊಂದು ವರ್ಷದ ಹುಡುಗಿ ಮೊದಲ ಸಲ ಬೀದಿಯಲ್ಲಿ ಬಾವುಟ ಹಿಡಿದಳು. ಇಲ್ಲಿ ಬ್ಯಾಲರ್ಡ್‌ನಲ್ಲೂ ಪ್ರತಿ ವರ್ಷ ಆ ಮೆರವಣಿಗೆ ನಡೆಯುತ್ತದೆ. ತಾಂತೆ ಎಂಬತ್ತು ದಾಟಿದ ಮೇಲೂ ಬೆಳ್ಳಿಯ ಬ್ರೋಚ್ ಚುಚ್ಚಿಕೊಂಡು, ಕಸೂತಿಯ ಉಣ್ಣೆ ಲಂಗ ಉಟ್ಟು, ಮಳೆ ಬಂದರೂ ಪೂರ್ತಿ ದಾರಿ ನಡೆಯುತ್ತಿದ್ದರು. ಕಾರಿನಲ್ಲಿ ಕೂತು ಬನ್ನಿ ಎಂದರೆ ಒಪ್ಪುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೂ ಕಾಫಿ, ಸಕ್ಕರೆಗೆ ರೇಷನ್ ಇತ್ತು. ಹದಿನೈದು ವರ್ಷಕ್ಕೆ ಹತ್ತಿರದ ಪಟ್ಟಣ ಹೌಗೆಸುಂಡ್‌ಗೆ ಹೋಗಿ ಹೆರಿಂಗ್ ಕೊಯ್ದು ಉಪ್ಪು ಹಾಕುವ ಕೆಲಸಕ್ಕೆ ಸೇರಿದರು. ಕೈಯ ಗಾಯಕ್ಕೆ ಉಪ್ಪು ಇಳಿದು ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಹೊಲ ಹಿರಿಯಣ್ಣನಿಗೆ ಸೇರಬೇಕಾದದ್ದು. ಮನೆಯಲ್ಲಿ ಬಾಯಿಗಳು ಜಾಸ್ತಿ. ಅಪ್ಪನ ಅಣ್ಣ ಸಿಯಾಟಲ್‌ನಲ್ಲಿ ಹ್ಯಾಲಿಬಟ್ ಹಿಡಿಯುತ್ತಿದ್ದರು, 'ಈ ಹುಡುಗಿಯ ಖರ್ಚಿಗೆ ನಾನು ಹೊಣೆ' ಎಂದು ಕಾಗದಕ್ಕೆ ಸಹಿ ಹಾಕಿ ಕಳಿಸಿದರು. 1955ರಲ್ಲಿ ಸ್ಟವಾಂಗರ್‌ಫ್ಯೋರ್ಡ್ ಹಡಗು ಹತ್ತಿ ನ್ಯೂಯಾರ್ಕಿಗೆ, ಅಲ್ಲಿಂದ ರೈಲಿನಲ್ಲಿ ಇಡೀ ದೇಶ ದಾಟಿ ಸಿಯಾಟಲ್‌ಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ತಾಂತೆಯ ಕಷ್ಟವೂ ನಮ್ಮ ಕಷ್ಟವೂ ಒಂದೇ ಎಂದು ನಾನು ಹೇಳುವುದಿಲ್ಲ. ಅವರು ಬಂದ ವರ್ಷ ಅಮೆರಿಕದ ಕಾನೂನಿನಲ್ಲಿ ದೇಶಕ್ಕೊಂದು ಕೋಟಾ ಇತ್ತು. ನಾರ್ವೆಯ ಜನಸಂಖ್ಯೆ ಆಗ ಸುಮಾರು 34 ಲಕ್ಷ, ಅವರಿಗೆ ವರ್ಷಕ್ಕೆ 2,300ಕ್ಕೂ ಹೆಚ್ಚು ಜಾಗ. 36 ಕೋಟಿ ದಾಟಿದ ಭಾರತಕ್ಕೆ 100. ನೂರೇ ಜನ! ಅದಕ್ಕೂ ಮೊದಲು, 1946ಕ್ಕಿಂತ ಹಿಂದೆ, ನಮ್ಮವರು ಇಲ್ಲಿ ಪೌರತ್ವವನ್ನೇ ಪಡೆಯುವಂತಿರಲಿಲ್ಲ. 1965ರ ಕಾನೂನು ಬಂದ ಮೇಲೆ ಆ ಕೋಟಾ ಹೋಯಿತು, ಅದರಿಂದಲೇ ನಾನೂ ನೀನೂ ಇಲ್ಲಿದ್ದೇವೆ. ಈಗಲೂ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ನೂರಕ್ಕೆ ಏಳರ ಮಿತಿ ಇದೆ, ಅದಕ್ಕೇ ನಮ್ಮ ಸಾಲು ಇಷ್ಟು ಉದ್ದ. ತಾಂತೆಯ ಉಚ್ಚಾರ ಕೇಳಿ ಅಂಗಡಿಯವರು ಮುದ್ದಾಗಿದೆ ಎನ್ನುತ್ತಿದ್ದರು. ನನ್ನ ಉಚ್ಚಾರಕ್ಕೆ 'ಏನಂದಿರಿ?' ಎಂದು ಹುಬ್ಬು ಗಂಟಿಕ್ಕುತ್ತಿದ್ದರು. ಒಮ್ಮೆ ನಾನು ಈ ಕೋಟಾದ ವಿಷಯ ಅವರಿಗೆ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಯೋಚನೆ ಮಾಡಿ, 'ಹಾಗಾದರೆ ನನಗೆ ಬಾಗಿಲು ತೆರೆದು ಹಿಡಿದಿದ್ದರು, ನನಗದು ಕಾಣಲೇ ಇಲ್ಲ' ಎಂದರು. ಎಷ್ಟು ಜನ ಹಾಗೆ ಒಪ್ಪಿಕೊಳ್ಳುತ್ತಾರೆ ಹೇಳು.

ಬಾಗಿಲು ತೆರೆದಿತ್ತು ನಿಜ, ಒಳಗೆ ಕಾದಿದ್ದದ್ದು ಪಾತ್ರೆ ಉಜ್ಜುವ ಕೆಲಸ. ಗುಡ್ಡದ ಮೇಲಿನ ಒಂದು ಶ್ರೀಮಂತರ ಮನೆಯಲ್ಲಿ ಮನೆಕೆಲಸಕ್ಕೆ ಇದ್ದರು. ಅಲ್ಲೇ ಊಟ, ಅಲ್ಲೇ ನಿದ್ದೆ. ಇಂಗ್ಲಿಷ್ ಕಲಿತದ್ದು ಯಜಮಾನಿ ಬರೆದಿಡುತ್ತಿದ್ದ ದಿನಸಿ ಚೀಟಿಯಿಂದ ಮತ್ತು ಅಡುಗೆಮನೆಯ ರೇಡಿಯೊದಿಂದ. ಗುರುವಾರ ಮಧ್ಯಾಹ್ನ ಮಾತ್ರ ರಜೆ. ಆ ಅರ್ಧ ದಿನ ಬಸ್ ಹತ್ತಿ ಬ್ಯಾಲರ್ಡ್‌ಗೆ ಬಂದು ತಮ್ಮ ಭಾಷೆ ಮಾತಾಡಿ ಹೋಗುತ್ತಿದ್ದರು.

ಮೊದಲ ಚಳಿಗಾಲ ನಿನ್ನ ಹಾಗೆಯೇ ಇತ್ತಂತೆ. ಚರ್ಚಿಗೆ ಹೋಗುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಕಾಫಿ ಕೊಟ್ಟರೆ ಕುಡಿದು ಬರುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಚೆನ್ನಾಗಿದ್ದೀಯಾ ಎನ್ನುತ್ತಿದ್ದರು, ಅಷ್ಟೇ. ಒಂದು ಗುರುವಾರ ಚರ್ಚಿನ ಅಡುಗೆಮನೆಯಲ್ಲಿ ತೊಳೆಯದ ಕಪ್‌ಗಳ ರಾಶಿ ಕಂಡಿತು. ಯಾರನ್ನೂ ಕೇಳದೆ ತೋಳು ಮಡಚಿ ತೊಳೆದರು. ಮುಂದಿನ ವಾರ ಒಬ್ಬ ಮುದುಕಿ ಏಪ್ರನ್ ಕೊಟ್ಟು, 'ಬಾ, ಆಲೂಗಡ್ಡೆ ಸುಲಿಯಬೇಕು' ಎಂದಳು. ಅದರ ಮುಂದಿನ ವಾರ ಇವರು ಬರುವುದು ತಡವಾಯಿತು ಎಂದು ಬೈದಳು. ಬೈಸಿಕೊಂಡ ದಿನ ಬಸ್ಸಿನಲ್ಲಿ ಕೂತು ಅತ್ತರಂತೆ, ಸಂತೋಷಕ್ಕೆ.

ತಂಗೀ, ನಿನ್ನ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ. ಯಾರಾದರೂ ಕರೆಯಲಿ ಎಂದು ಕಾಯಬೇಡ. ಕರೆದು ಕೂರಿಸಿದವರು ಅತಿಥಿಯನ್ನಾಗಿ ಕೂರಿಸುತ್ತಾರೆ. ಕೆಲಸ ಹಿಡಿ. ನೀನು ಬರದಿದ್ದರೆ ನಿಲ್ಲುವಂಥ ಒಂದು ಕೆಲಸ ನಿನ್ನ ಕೈಯಲ್ಲಿರಲಿ. ಸಂಬಳದ ಕೆಲಸಕ್ಕೆ ವೀಸಾ ಅಡ್ಡ ಬರುತ್ತದೆ, ಚರ್ಚಿನ ಅಡುಗೆಮನೆಯ ಆಲೂಗಡ್ಡೆಗೆ ಬರುವುದಿಲ್ಲ.

ನನ್ನ ಜೊತೆಗೂ ತಾಂತೆ ಹಾಗೆಯೇ ಮಾಡಿದರು. ಬಂದ ವಾರವೇ ಬೇಸ್‌ಮೆಂಟಿಗೆ ಇಳಿದು ಬಿಸಿ ಬನ್ನು ಕೊಟ್ಟರು. ಮುರಿದರೆ ಏಲಕ್ಕಿ ವಾಸನೆ! ನಾನು ಬೆಪ್ಪಾದೆ. ನಾರ್ವೆಯವರು ಬನ್ನಿಗೆ, ಕ್ರಿಸ್‌ಮಸ್ ರೊಟ್ಟಿಗೆ, ಬಿಸ್ಕತ್ತಿಗೆ ಏಲಕ್ಕಿ ಹಾಕುತ್ತಾರೆ ಎಂದು ನನಗೇನು ಗೊತ್ತು? ಅವರು ಬಳಸುತ್ತಿದ್ದದ್ದು ಅಂಗಡಿಯ ಪುಡಿ. ನಾನು ಶಿರಸಿಯಿಂದ ತಂದಿದ್ದ ಹಸಿರು ಏಲಕ್ಕಿ ಕುಟ್ಟಿ ಕೊಟ್ಟೆ. ಆಮೇಲೆ ಊರಿಗೆ ಹೋದಾಗಲೆಲ್ಲ ಅವರ ಪಾಲಿನ ಒಂದು ಪೊಟ್ಟಣ ಇರಲೇಬೇಕಾಗಿತ್ತು. ಎರಡನೇ ವಾರ ಮೇಲಿನಿಂದ ಕೂಗಿದರು, ಚರ್ಚಿನಲ್ಲಿ ಲೆಫ್ಸೆ ಮಾಡುವ ದಿನ, ಬಾ ಎಂದು. ಲೆಫ್ಸೆ ಎಂದರೆ ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಮಾಡಿ, ಬೆಣ್ಣೆ, ಕ್ರೀಮ್, ಮೈದಾ ಸೇರಿಸಿ, ಗೆರೆಗಳಿರುವ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ದೊಡ್ಡ ಕಾವಲಿಯ ಮೇಲೆ ಸುಡುವುದು. ತಿರುವಿ ಹಾಕಲು ಉದ್ದನೆ ಚಪ್ಪಟೆ ಕೋಲು. ಹಿಟ್ಟು ಹರಿಯದಂತೆ ಎತ್ತುವುದೇ ಕಷ್ಟ. ಹೋಳಿಗೆ ಮಾಡಿ ಪಳಗಿದ ಕೈ ನನ್ನದು. ಅಲ್ಲಿನ ಹೆಂಗಸರು ಒಂದು ಸುತ್ತು ನೋಡಿದರು, ಲಟ್ಟಣಿಗೆಯನ್ನು ನನ್ನ ಕೈಗೇ ಕೊಟ್ಟರು. ಇವತ್ತಿಗೂ ವಾಪಸ್ ತಗೊಂಡಿಲ್ಲ.

ಕಾರವಾರದ ವಿಷಯ ಹೇಳಿದೆನಲ್ಲ, ಅದಕ್ಕೆ ಇನ್ನೊಂದು ಎಳೆ ಇದೆ. 1952ರಲ್ಲಿ ನಾರ್ವೆ ಸರ್ಕಾರ ಭಾರತಕ್ಕೆ ನೆರವು ಕೊಡಲು ಒಂದು ನಿಧಿ ಮಾಡಿತು. ಆ ದೇಶ ಹೊರದೇಶವೊಂದರ ಅಭಿವೃದ್ಧಿಗೆ ಕೈಹಾಕಿದ್ದು ಅದೇ ಮೊದಲು. ಜನರಿಂದಲೂ ಹಣ ಕೂಡಿಸಿದರು. ಕೇರಳದ ಕೊಲ್ಲಂ ಹತ್ತಿರದ ಮೀನುಗಾರ ಹಳ್ಳಿಗಳಲ್ಲಿ ಯಂತ್ರದ ದೋಣಿ, ಐಸು, ಆಸ್ಪತ್ರೆ, ಕುಡಿಯುವ ನೀರು ಎಂದು ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ತಾಂತೆಯ ಊರಿನಲ್ಲಿ ಡಬ್ಬಿ ಹಿಡಿದು ಬಂದವರಿಗೆ ಇವರು ಹೆರಿಂಗ್ ಕೊಯ್ದ ಕೂಲಿಯಿಂದ ಒಂದು ನಾಣ್ಯ ಹಾಕಿದ್ದರಂತೆ. ನಾನು ಕಾರವಾರ ಎಂದಾಗ ಭೂಪಟ ತೆಗೆಸಿ ಕಡಲಿನ ಅಂಚಿನಲ್ಲಿ ಬೆರಳಿಟ್ಟು ನೋಡಿದರು. ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. 'ಹೌದಲ್ಲ, ಬೈತಖೋಲಕ್ಕೆ ನಾರ್ವೆಯವರು ಬಂದಿದ್ದರು' ಎಂದರು ಅಪ್ಪ. ಯಂತ್ರದ ದೋಣಿಗಳಿಂದ, ದಡದಿಂದ ಎಳೆಯುವ ರಂಪಣಿ ಬಲೆಯವರಿಗೆ ಆದ ನಷ್ಟವನ್ನೂ ಹೇಳಿದರು. ಎರಡನ್ನೂ ತಾಂತೆಗೆ ಹೇಳಿದೆ. ಅವರು ಎರಡನ್ನೂ ಕೇಳಿಸಿಕೊಂಡರು. ಹೆರಿಂಗ್‌ಗೂ ಅದೇ ಗತಿಯಾಯಿತು, ದೊಡ್ಡ ಬಲೆಗಳು ಬಂದು ಬಾಚಿದವು, 1960ರ ದಶಕ ಮುಗಿಯುವ ಹೊತ್ತಿಗೆ ಮೀನೇ ಇರಲಿಲ್ಲ ಎಂದರು.

ಅವರ ಗಂಡನೂ ಕಾರ್ಮೊಯ್‌ನವರೇ. ವಸಂತದಲ್ಲಿ ಅಲಾಸ್ಕಾ ಕಡಲಿಗೆ ಹೋದರೆ ತಿಂಗಳುಗಟ್ಟಲೆ ಇಲ್ಲ. ಮನೆಯ ಲೆಕ್ಕ, ಬ್ಯಾಂಕು, ಸೋರುವ ಮಾಡು, ಕಾರು ಎಲ್ಲ ತಾಂತೆಯದೇ. ಮೈದುನ ಒಬ್ಬ ಕಡಲಿನಿಂದ ವಾಪಸ್ ಬರಲಿಲ್ಲ. ಫಿಷರ್‌ಮೆನ್ಸ್ ಟರ್ಮಿನಲ್‌ನಲ್ಲಿ 1988ರಲ್ಲಿ ಕಟ್ಟಿದ ಸ್ಮಾರಕದಲ್ಲಿ ಅವನ ಹೆಸರಿದೆ. ಅಲ್ಲಿ ಕಂಚಿನ ಫಲಕಗಳ ತುಂಬ ಹೆಸರುಗಳು. ನೀನು ಹೋದಾಗ ಓದು.

ಈಗ ಎರಡನೇ ಪ್ರಶ್ನೆ. ಇದು ನನಗೂ ಸುಲಭವಲ್ಲ.

1961ರಲ್ಲಿ ತಾಂತೆಯ ಅಮ್ಮ ತೀರಿಕೊಂಡರು. ಟೆಲಿಗ್ರಾಂ ಬಂತು. ಗಂಡ ಕಡಲಲ್ಲಿದ್ದರು, ವಿಮಾನದ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಮಣ್ಣು ಮಾಡಿದ ವಿವರ ಅಕ್ಕನ ಕಾಗದದಲ್ಲಿ ಬಂತು. ಆ ಕಾಗದವನ್ನು ಅವರು ನನಗೆ ತೋರಿಸಿದ್ದಾರೆ. ನಲವತ್ತು ವರ್ಷದ ಮೇಲೂ ಓದುವಾಗ ಸ್ವರ ನಡುಗುತ್ತಿತ್ತು. ನಿನಗೆ ಇವತ್ತು ವಿಡಿಯೊ ಕರೆ ಇದೆ, ದಿನಾ ಅಮ್ಮನ ಮುಖ ಕಾಣುತ್ತದೆ. ಆದರೂ ಒಂದು ದಿನ ನಿನಗೂ ತಡವಾಗಬಹುದು. ನನಗೆ ಅಪ್ಪನ ವಿಷಯದಲ್ಲಿ ಹಾಗೇ ಆಯಿತು. ಇದನ್ನು ಮುಚ್ಚಿಟ್ಟು ಪರದೇಶದ ಬದುಕು ಚೆಂದ ಎಂದು ನಿನಗೆ ಬರೆಯಲಾರೆ. ಅಪ್ಪ ಹೋದ ರಾತ್ರಿ ತಾಂತೆ ಕೆಳಗಿಳಿದು ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಕ್ಕಿ ಎಲ್ಲಿದೆ ಎಂದು ಕೇಳಿ, ಅನ್ನ ಮಾಡಿ, ಮಗಳಿಗೆ ಉಣ್ಣಿಸಿ, ನನ್ನ ಸೂಟ್‌ಕೇಸಿಗೆ ಬಟ್ಟೆ ತುಂಬಿದರು.

ಅವರು ಊರಿಗೆ ಮೊದಲ ಸಲ ವಾಪಸ್ ಹೋದದ್ದು 1967ರಲ್ಲಿ. ಅಷ್ಟು ವರ್ಷ ಅಕ್ಕನ ಮಕ್ಕಳಿಗೆ ಇಲ್ಲಿಂದ ಪಾರ್ಸೆಲ್ ಕಳಿಸುತ್ತಿದ್ದರು. ಕಾಫಿಪುಡಿ, ನೈಲಾನ್ ಕಾಲುಚೀಲ, ಜೀನ್ಸು, ಚಾಕೊಲೇಟು. ಆ ಮಕ್ಕಳಿಗೆ ತಾಂತೆ ಎಂದರೆ ಪೆಟ್ಟಿಗೆಯಲ್ಲಿ ಬರುವ ಪರಿಮಳ. ಹೋಗಿ ನೋಡಿದರೆ ಅದೇ ವರ್ಷ ದ್ವೀಪದಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ತೆರೆದಿತ್ತು. 1969ರಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ಕಚ್ಚಾ ತೈಲ ಸಿಕ್ಕಿತು. ಹತ್ತಿಪ್ಪತ್ತು ವರ್ಷದಲ್ಲಿ ಅವರು ಬಿಟ್ಟುಬಂದ ಬಡ ನಾರ್ವೆ ಇರಲೇ ಇಲ್ಲ. ಸೋದರ ಸೊಸೆಯರು ಓದಿ ಇಂಜಿನಿಯರುಗಳಾದರು. ಮಗು ಹೆತ್ತರೆ ಸಂಬಳದ ಜೊತೆ ತಿಂಗಳುಗಟ್ಟಲೆ ರಜೆ. ಇತ್ತ ತಾಂತೆಗೆ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಯ ಬಿಲ್ ನೋಡಿ ಆ ಸೊಸೆಯರೇ ಹಣ ಕಳಿಸಿದರು. ಪಾರ್ಸೆಲ್ ಆ ಕಡೆಯಿಂದ ಬರತೊಡಗಿತು. ಕಂದು ಚೀಸ್, ಉಣ್ಣೆ ಸ್ವೆಟರ್, ಚಳಿಗಾಲಕ್ಕೆ ಕಾಡ್ ಮೀನಿನ ಎಣ್ಣೆ. ನೀವು ಅಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದಾ ಎಂದು ಒಮ್ಮೆ ಕೇಳಿದೆ. 'ಅಲ್ಲಿದ್ದಿದ್ದರೆ ನಾನು ಬೇರೆ ಯಾರೋ ಆಗಿರುತ್ತಿದ್ದೆ, ಅವಳ ಪರಿಚಯ ನನಗಿಲ್ಲ' ಎಂದರು.

ಅವರ ಮಾತು ಮಾತ್ರ 1955ರಲ್ಲೇ ನಿಂತಿತ್ತು. ಊರಿನ ಹುಡುಗರು ಅಜ್ಜಿಯ ಕಾಲದ ಮಾತು ಎಂದು ನಗುತ್ತಿದ್ದರಂತೆ. ನನಗೂ ಈಗ ಕಾರವಾರಕ್ಕೆ ಹೋದರೆ ಹಾಗೇ ಆಗುತ್ತದೆ. ನಾನು ಬಿಟ್ಟುಬಂದ ಬೀದಿ ಈಗ ಹೆದ್ದಾರಿ. ಊರನ್ನು ಹಿಡಿದಿಟ್ಟುಕೊಳ್ಳುತ್ತೇನೆ ಎಂದರೆ ಯಾವ ಊರನ್ನು? ತಾಂತೆ ಹಿಡಿದದ್ದು ಮೇ 17ರ ಬಾವುಟವನ್ನು, ಲೆಫ್ಸೆಯನ್ನು, ಅಕ್ಕನಿಗೆ ಬರೆಯುವ ಕಾಗದವನ್ನು. ಕೈಯಿಂದ ಮಾಡುವಂಥವು. ಮಿಕ್ಕದ್ದಕ್ಕೆ ಹಟ ಮಾಡಲಿಲ್ಲ. ಬೀದಿಗೆ ಮೆಕ್ಸಿಕೊದವರು ಬಂದರು, ಸೊಮಾಲಿಯಾದವರು ಬಂದರು, ನಾವು ಬಂದೆವು. ಎಲ್ಲರ ಮನೆಗೂ ಬನ್ನು ಹೋಯಿತು. ನಾನು ನವೆಂಬರ್ 1ಕ್ಕೆ ಕನ್ನಡ ಬಾವುಟ ಕಟ್ಟಿದಾಗ ಏಣಿ ಹಿಡಿದವರು ಅವರೇ. ಆದ್ದರಿಂದ ಬಿಟ್ಟುಕೊಟ್ಟ ಹಾಗಲ್ಲವಾ ಎಂದು ನೀನು ಕೇಳಿದರೆ, ಅವರಲ್ಲಿ ನಾನು ಅಂಥದ್ದನ್ನು ಕಾಣಲಿಲ್ಲ. ಎರಡೂ ಊರಿಗೆ ಅವರು ಬೇಕಾದವರಾಗಿದ್ದರು.

ಕೊನೆಯ ಎರಡು ವರ್ಷ ವೃದ್ಧಾಶ್ರಮದಲ್ಲಿದ್ದರು. ಮರೆವು ಬಂತು. ಮೊದಲು ಹೋದದ್ದು ಇಂಗ್ಲಿಷ್. ನಂತರ ಬಂದದ್ದು ಕಾರ್ಮೊಯ್‌ನ ಮಾತೇ. ನರ್ಸುಗಳಿಗೆ ಅರ್ಥವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕಲಿತ ಚೂರುಪಾರು ನಾರ್ವೇಜಿಯನ್ ಆಗ ನನ್ನ ಉಪಯೋಗಕ್ಕೆ ಬಂತು. ಬೇಕಾ, ಸಾಕಾ, ಚಳಿಯಾ, ನೋವಾ. ನನ್ನ ಮಗಳು ಅವರಿಂದ ಕಲಿತ ಮಕ್ಕಳ ಹಾಡು ಹೇಳುತ್ತಿದ್ದಳು. 2022ರಲ್ಲಿ ಹೋದರು. ನಾರ್ವೆಯಿಂದ ಅಮೆರಿಕಕ್ಕೆ ಗುಂಪಾಗಿ ಬಂದ ಮೊದಲ ವಲಸಿಗರ ಸಣ್ಣ ಹಡಗು ಸ್ಟವಾಂಗರ್‌ನಿಂದ ಹೊರಟದ್ದು 1825ರ ಜುಲೈ 4ರಂದು, 52 ಜನ. ದಾರಿಯಲ್ಲೊಂದು ಮಗು ಹುಟ್ಟಿ ನ್ಯೂಯಾರ್ಕ್ ಮುಟ್ಟಿದಾಗ 53. ಅದರ ಇನ್ನೂರನೇ ವರ್ಷಕ್ಕೆ ನಾನಿರಬೇಕು ಎನ್ನುತ್ತಿದ್ದರು, ಆಗಲಿಲ್ಲ. ಬ್ಯಾಲರ್ಡ್‌ನ ಕಡಲಂಚಿನ ಶಿಲ್‌ಶೋಲ್‌ನಲ್ಲಿ, ಸಾವಿರ ವರ್ಷದ ಹಿಂದೆ ಅಮೆರಿಕ ಮುಟ್ಟಿದ ನಾವಿಕ ಲೀಫ್ ಎರಿಕ್ಸನ್‌ನ ಪ್ರತಿಮೆ ಇದೆ, ಸುತ್ತಲಿನ ಕಲ್ಲುಗಳಲ್ಲಿ ವಲಸೆ ಬಂದವರ ಹೆಸರುಗಳಿವೆ. ಅವರ ಹೆಸರು, ಗಂಡನ ಹೆಸರು, ಬಂದ ಊರು ಅಲ್ಲಿದೆ. ಕಡಲು ಎದುರಿಗೇ ಕಾಣುತ್ತದೆ.

ಸರಿ, ಈಗ ನಿನ್ನ ವಿಷಯ. ಇದೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನ ಅಡುಗೆಮನೆಯಲ್ಲಿ ಕ್ರಿಸ್‌ಮಸ್ ಸಂತೆಗೆ ಲೆಫ್ಸೆ ಮಾಡುತ್ತೇವೆ. ಡೌನ್‌ಟೌನ್‌ನಲ್ಲಿ ಡಿ ಲೈನ್ ಬಸ್ ಹತ್ತು, ಬ್ಯಾಲರ್ಡ್‌ನಲ್ಲಿ ಇಳಿ, ನಾನು ಸ್ಟಾಪಿನಲ್ಲಿ ಇರುತ್ತೇನೆ. ಆಲೂಗಡ್ಡೆ ಸುಲಿಯಲು ಜನ ಕಡಿಮೆ ಬಿದ್ದಿದ್ದಾರೆ. ನಿನ್ನ ಹೆಸರು ಆಗಲೇ ಬರೆಸಿದ್ದೇನೆ. ಏಪ್ರನ್ ಇದ್ದರೆ ತಾ, ಇಲ್ಲದಿದ್ದರೆ ಅಲ್ಲಿದೆ. ತಡ ಮಾಡಬೇಡ.

ನಿನ್ನ ಅಕ್ಕ